ಟೇಲರ್ ಚಾಚಾನಿಗೆ ಜಪಾನ್ ಪಿಚ್ಚರ್ ತೋರಿಸಿದ್ದು

ನಾನು ಒಳ್ಳೆಯ ಕೆಲಸಕ್ಕೆ ಕೈ ಹಾಕಿದಾಗಲೆಲ್ಲ ಅದು ಊರ ಮಂದಿಯ ಮುಂದೆ ಹೋಗಿ ನಿಲ್ಲುತ್ತದೆ. ಕೆಟ್ಟ ಕೆಲಸ ಮಾಡಿದಾಗ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಇದು ಹೀಗ್ಯಾಕೆ ಅಂತ ಜೋಡಿ ಕೂತು ನಗೋಣವೆಂದರೆ, ನನ್ನ ಜೋಡಿ ಗೆಳೆಯ ಊರಲ್ಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

೧. ಕರಿ ಬಟ್ಟೆ

ಮಸ್ಕಿ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ಮಾವನ ಮೊಬೈಲ್ ಅಂಗಡಿ. ಹತ್ತನೇ ಕ್ಲಾಸು ನನ್ನನ್ನು ಎರಡು ಸಲ ಬೇಡ ಅಂದ ಮೇಲೆ ಅಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುತ್ತೇನೆ. ಎದುರಿಗೆ ಟೇಲರ್ ಚಾಚಾನ ಅಂಗಡಿ. ಅವರ ಮಗನೇ ನನ್ನ ಜೋಡಿ. ಇಬ್ಬರಿಗೂ ಅನಿಮೆ ಹುಚ್ಚು. ಅಂದರೆ ಜಪಾನಿನವರು ಚಿತ್ರ ಬರೆದು ಮಾಡುವ ಸಿನಿಮಾ. ಮನೆಯವರು ಅದಕ್ಕೆ ಕಾರ್ಟೂನ್ ಅಂತಾರೆ, ನಮಗೆ ಸಿಟ್ಟು ಬರುತ್ತದೆ. ಒಂದೇ ಫೋನು, ಒಂದೇ ಇಯರ್‌ಫೋನು. ಅವನ ಎಡಗಿವಿಗೊಂದು, ನನ್ನ ಬಲಗಿವಿಗೊಂದು. ಹಿಂದಿಗೆ ಡಬ್ ಮಾಡಿದ್ದನ್ನೇ ಹುಡುಕಿ ಹುಡುಕಿ ನೋಡುತ್ತಿದ್ದೆವು.

ಒಂದು ದಿನ ಹೀರೋ ಹಾಕುವಂಥ ಕರಿ ನಿಲುವಂಗಿ ನಮಗೂ ಬೇಕು ಅನ್ನಿಸಿತು. ಚಾಚಾ ನಮಾಜಿಗೆ ಹೋಗಿದ್ದರು. ಮೇಜಿನ ಮೇಲೆ ಯಾರದೋ ಮದುವೆ ಕೋಟಿನ ಕರಿ ಬಟ್ಟೆ ಇತ್ತು. ಐಡಿಯಾ ನನ್ನದು, ಕತ್ತರಿಯೂ ನನ್ನ ಕೈಯಲ್ಲೇ. ಆದರೆ ಚಾಚಾ ಬರುವ ಹೊತ್ತಿಗೆ ಬಟ್ಟೆ ಇದ್ದದ್ದು ಮಗನ ಬೆನ್ನ ಮೇಲೆ. ಗಿರಾಕಿಗಳ ಮುಂದೆಯೇ ಒಂದು ಏಟು ಬಿತ್ತು. ಕಾರ್ಟೂನ್ ನೋಡಾಂವ ನನ್ನ ಮನ್ಯಾಗ ಬ್ಯಾಡ ಅಂದರು. ಎರಡು ದಿನಕ್ಕೆ ಅವನು ಲಿಂಗಸುಗೂರಿಗೆ ಹೋಗಿ ಪುಣೆ ಬಸ್ ಹತ್ತಿದ. ಅಲ್ಲಿ ಎಸಿ ಕೂಡಿಸುವ ಕೆಲಸ. ಕತ್ತರಿ ಯಾರ ಕೈಯಲ್ಲಿತ್ತು ಅಂತ ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮದುಮಗ ಉಳಿದ ಬಟ್ಟೆಯಲ್ಲಿ ಹೊಲಿದ ಗಿಡ್ಡ ಕೋಟಿನಲ್ಲೇ ಮದುವೆಯಾದ. ಮರುವಾರ ಇನ್ನಿಬ್ಬರು ಚಾಚಾನ ಅಂಗಡಿಗೆ ಬಂದು, ನಮಗೂ ಹಂಗ ಗಿಡ್ಡಂದ ಹೊಲೀರಿ ಅಂದರು.

೨. ರಿಂಗ್ ಬಾರದ ಫೋನು

ಜೋಡಿ ದಿನಾ ನನಗೆ ಫೋನ್ ಹಚ್ಚುತ್ತಾನೆ, ಅಪ್ಪನಿಗೆ ಹಚ್ಚುವುದಿಲ್ಲ. ಅಬ್ಬಾ ಅಂಗಡಿ ತೆಗದಾರೇನು ಅಂತ ಕೇಳುತ್ತಾನೆ. ಆಮೇಲೆ, ಫೋನು ಬೀದಿ ಕಡಿ ಹಿಡಿ ಅನ್ನುತ್ತಾನೆ. ಹಿಡಿಯುತ್ತೇನೆ. ಚಾಚಾನ ಹೊಲಿಗೆ ಮಷೀನಿನ ಸಪ್ಪಳ ಕೇಳಿಸಿಕೊಂಡು ಇಟ್ಟುಬಿಡುತ್ತಾನೆ.

ಇತ್ತ ಚಾಚಾ ವಾರಕ್ಕೆ ಮೂರು ಸಲ ತಮ್ಮ ಫೋನು ತಂದು, ಇದು ಕೆಟ್ಟೈತಿ, ರಿಂಗ್ ಬರವಲ್ದು ನೋಡು ಅನ್ನುತ್ತಾರೆ. ನನ್ನ ಫೋನಿನಿಂದ ಹಚ್ಚಿ ತೋರಿಸುತ್ತೇನೆ. ಅಂಗಡಿಯೆಲ್ಲ ಕೇಳುವಂತೆ ಬಡಿದುಕೊಳ್ಳುತ್ತದೆ.

"ಊರಾಗಿನವು ಬರ್ತಾವ ಬೇಟಾ," ಅಂದರು ಒಂದು ದಿನ. "ದೂರದವು ಬರವಲ್ವು. ಅದನ್ನ ರಿಪೇರಿ ಮಾಡು."

ನನಗೆ ಬರುವ ರಿಪೇರಿ ಒಂದೇ. ಆ ಫೋನಿಗೆ ಈಗ ಒಂದರ ಮೇಲೊಂದು ಮೂರು ಸ್ಕ್ರೀನ್ ಗಾರ್ಡ್ ಇವೆ.

೩. ಬಸ್ಸಿನಲ್ಲಿ ಒಂದು ಪ್ರಶ್ನೆ

ನಾವಿಬ್ಬರೂ ವರ್ಷದಿಂದ ಕಾಯುತ್ತಿದ್ದ ಅನಿಮೆ ಪಿಚ್ಚರ್ ಬಂತು. ಥೇಟರಿನಲ್ಲಿ ಜೋಡಿಯಾಗಿಯೇ ನೋಡಬೇಕು ಅಂತ ಆಣೆ ಮಾಡಿದ್ದೆವು. ಅವನು ಪುಣೆಯಲ್ಲಿ ಒಬ್ಬನೇ ಹಿಂದಿಯಲ್ಲಿ ನೋಡಿದ. ಬಾಜೂ ಸೀಟಿನ ಮೇಲೆ ಬ್ಯಾಗ್ ಇಟ್ಟಿದ್ದನಂತೆ, ಯಾರೂ ಕೂಡದಿರಲಿ ಅಂತ. ಸಿಂಧನೂರಿಗೆ ಬಂದೈತಿ, ಅಬ್ಬಾನ್ನ ಕರ್ಕೊಂಡು ಹೋಗು, ನಾ ಯಾತಕ್ಕ ಹುಚ್ಚಾಗಿದ್ದೆ ಅಂತ ಒಮ್ಮೆ ನೋಡ್ಲಿ ಅಂದ. ಕಥೆಯ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ.

ಮಗ ಹೇಳಿದ್ದಾನೆ ಅಂತ ಹೇಳುವಂತಿಲ್ಲ. ಅದಕ್ಕೆ ನಾನು, ಪಿಚ್ಚರ್ ತುಂಬಾ ನಮೂನಿ ನಮೂನಿ ಕೋಟು ಅದಾವ ಚಾಚಾ ಅಂದೆ. ಚಾಚಾ ಮಧ್ಯಾಹ್ನದ ಆಟಕ್ಕೆ ಹಬ್ಬದ ಜುಬ್ಬಾ ಹಾಕಿ, ಅತ್ತರು ಹಚ್ಚಿಕೊಂಡು ಬಂದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಬಸ್ಸಿನಲ್ಲಿ ಹೀರೋ ಯಾರು ಅಂದರು. ಯಾರೂ ಇಲ್ಲ, ಎಲ್ಲಾ ಕೈಲೆ ಬರದಿದ್ದು ಅಂದೆ. ಚಾಚಾ ಕಿಟಕಿ ಕಡೆ ತಿರುಗಿದರು. ಗದ್ದೆಗಳು ಹೋದವು, ಕಾಲುವೆ ಹೋಯಿತು. ಸಿಂಧನೂರು ಬಂದಾಗ ಬಾಯಿ ಬಿಟ್ಟರು.

"ಮತ್ತ ಆ ಕೋಟಿಗೆ ಅಳತಿ ಯಾರದು ತಗೊಂಡ್ರು?"

೪. ಬಿಳಿ ಗಡ್ಡದವನು

ಪಿಚ್ಚರ್ ಶುರುವಾಯಿತು. ಹಿಂದಿ ಅಲ್ಲ, ತೆಲುಗೂ ಅಲ್ಲ, ಜಪಾನಿ ಮಾತು! ಕೆಳಗೆ ಇಂಗ್ಲಿಷ್ ಅಕ್ಷರ. ನಾನು ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಮೂರು ಸಾಲು ಓಡಿಹೋಗುತ್ತಿದ್ದವು. ಚಾಚಾ ನನ್ನ ಕಡೆ ಬಗ್ಗಿ, ಏನಂತಾನ ಅಂದರು.

ಪರದೆಯಲ್ಲಿ ಒಬ್ಬ ಬಿಳಿ ಗಡ್ಡದವನು ಗುಡ್ಡದ ಮೇಲೆ ನಿಂತಿದ್ದ. ಕೆಳಗೆ ಒಬ್ಬ ಹುಡುಗ ಗಂಟು ಹೊತ್ತು ಹೋಗುತ್ತಿದ್ದ. ನನಗೆ ಅಷ್ಟೇ ಸಾಕಾಯಿತು. ಅವನು ಅಪ್ಪ, ಇವನು ಮಗ ಅಂದೆ. ಸಿಟ್ಟಿನಾಗ ಹೊಡದೆ, ಈಗ ಕೈ ನೋಡ್ಕೊಂಡು ಅಳಾಕತ್ತೀನಿ ಅಂತ ಅಪ್ಪ ಹೇಳಾಕತ್ತಾನ ಅಂದೆ. ನನಗೂ ಮನಿ ನೆನಪಾಗತೈತಿ, ಅಪ್ಪನ ಕೆಲಸದ ಸಪ್ಪಳ ಕೇಳಿದ್ರ ನಿದ್ದಿ ಬರತೈತಿ ಅಂತ ಮಗ ಹೇಳಾಕತ್ತಾನ ಅಂದೆ. ಮುಂದಿನ ಸಾಲಿನಲ್ಲಿ ಸಾಲಗುಂದದಿಂದ ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದ ಒಬ್ಬ ಅಜ್ಜಿ ತಿರುಗಿ, ಜೋರ ಹೇಳಪಾ, ನಮಗೂ ತಿಳಿವಲ್ದು ಅಂದಳು. ಜೋರಾಗಿ ಹೇಳಿದೆ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಮೇಲೆ ಕೆಂಪು ಕೂದಲಿನ ಒಬ್ಬ ಗೆಳೆಯ ಬಂದು ತಲೆ ತಗ್ಗಿಸಿ ನಿಂತ. ಅವನಿಗೆ ಏನು ಮಾತು ಕೊಡಲಿ ಅಂತ ಯೋಚಿಸುವ ಮೊದಲೇ ನನ್ನ ಬಾಯಿ ಆಡಿಬಿಟ್ಟಿತು.

"ಬಟ್ಟಿಗೆ ಕತ್ತರಿ ಹಾಕಿದ್ದು ನಿಮ್ಮ ಮಗ ಅಲ್ಲ. ನಾನು."

ಚಾಚಾ ನನ್ನ ಕಡೆ ನೋಡಲಿಲ್ಲ. ಇಂಟರ್‌ವಲ್ ಆಯಿತು, ಲೈಟು ಹತ್ತಿದವು. ಕೊರಳಿನ ಟೇಪು ತೆಗೆದು ಸಣ್ಣಗೆ ಸುತ್ತುತ್ತ ಕೂತರು.

"ಆ ಕೆಂಪು ಕೂದಲಾಂವಗ ಹೇಳು," ಅಂದರು. "ಇದನ್ನ ಹೇಳಾಕ ಜಪಾನಿಗೆ ಹೋಗಬೇಕಾಗಿತ್ತೇನು ಅಂತ."

ಆಮೇಲೆ ತಮ್ಮ ಫೋನು ನನ್ನ ಕೈಗಿಟ್ಟು, ಹಚ್ಚು ಅಂದರು. ಯಾರಿಗೆ ಅಂತ ನಾನು ಕೇಳಲಿಲ್ಲ.

ಜೋಡಿ ಒಂದೇ ರಿಂಗಿಗೆ ಎತ್ತಿದ. ಸಮೋಸ ಮಾರುವವನು ಎರಡು ಸಲ ಬಂದು ಹೋದ.

"ಖಾನಾ ಖಾಯಾ?" ಅಂದರು ಚಾಚಾ ಕೊನೆಗೆ.

"ಹಾಂ ಅಬ್ಬಾ."

ಇಡಲೂ ಮನಸ್ಸಿಲ್ಲ, ಆಡಲೂ ಮಾತಿಲ್ಲ. ಅಷ್ಟರಲ್ಲಿ ಪಿಚ್ಚರ್ ಮತ್ತೆ ಶುರುವಾಯಿತು. ಚಾಚಾ ಥಟ್ಟನೆ, ನಿನ್ನ ದೋಸ್ತಗ ಇಂಗ್ಲಿಷ್ ಓದಾಕ ಬರಂಗಿಲ್ಲ, ಕಥಿ ನೀ ಹೇಳು ಅಂದು ಫೋನನ್ನು ಸ್ಪೀಕರಿಗೆ ಹಾಕಿ ಮುಂದಿನ ಸೀಟಿನ ಬೆನ್ನ ಮೇಲೆ ಹಿಡಿದರು. ಅವನು ಪುಣೆಯ ಯಾವುದೋ ಬಿಲ್ಡಿಂಗಿನ ಮಾಳಿಗೆ ಮೇಲೆ ಕೂತು, ಥೇಟರಿನ ಸಪ್ಪಳದ ಮೇಲೇ ಯಾವ ಸೀನು ಅಂತ ಗುರುತು ಹಿಡಿದು ಹೇಳುತ್ತ ಹೋದ. ಅಪ್ಪನಿಗೆ ದಖನಿ ಉರ್ದುವಿನಲ್ಲಿ, ಅಜ್ಜಿಗೆ ಕನ್ನಡದಲ್ಲಿ. ನಾನು ಬಲಗಿವಿ ಫೋನಿನ ಹತ್ತಿರ ಇಟ್ಟು ಸುಮ್ಮನೆ ಕೂತೆ. ತುಂಬಾ ದಿನವಾಗಿತ್ತು ಹಾಗೆ ಕೂತು.

ನಡುವೆ ಅಜ್ಜಿ ಕೇಳಿದಳು: ಆ ಬಿಳಿ ಗಡ್ಡದ ಅಪ್ಪಗ ಮಗಾ ಸಿಕ್ಕನೇನಪಾ?

"ಯಾವ ಅಪ್ಪ?" ಅಂದಿತು ಫೋನು. "ಆ ಗಡ್ಡದಾಂವ ಊರು ಸುಟ್ಟ ರಾಕ್ಷಸ ಬೇ ಅಜ್ಜಿ. ಈಗ ಸಾಯ್ತಾನ ನೋಡು."

ಹೀರೋ ಕತ್ತಿ ಬೀಸಿದ. ಗಡ್ಡದವನು ಬಿದ್ದ. ಥೇಟರ್ ತುಂಬ ಸಿಳ್ಳೆ, ಚಪ್ಪಾಳೆ. ನಮ್ಮ ಎರಡು ಸಾಲು ಮಾತ್ರ ಅಳುತ್ತಿದ್ದವು. ಚಾಚಾ ಜುಬ್ಬಾದ ತೋಳಿನಿಂದ ಕಣ್ಣು ಒರೆಸಿಕೊಂಡು ಫೋನಿಗೆ ಬಾಯಿ ಹಚ್ಚಿದರು.

"ನಿನಗ ಗೊತ್ತಿಲ್ಲ ಬೇಟಾ. ಇಂಟರ್‌ವಲ್ ತನಕ ಭಾಳ ಚಲೋ ಅಪ್ಪ ಇದ್ದ."