ತಾರಸಿಯ ಮೇಲೆ ಐನೂರು ಸುತ್ತು

ಅಳತೆ ಸಾಹೇಬರಿಗೆ ಐವತ್ತೇಳನೆಯ ವಯಸ್ಸಿನಲ್ಲಿ ಓಟದ ಹುಚ್ಚು ಹಿಡಿಯಲು ಕಾರಣ ಮೊಮ್ಮಗಳು. ಎರಡೂವರೆ ವರ್ಷದ ಹಿಂದೆ ಅವಳು ದಿನ ತುಂಬುವ ಮುಂಚೆಯೇ ಹುಟ್ಟಿ, ಮಕ್ಕಳ ಆಸ್ಪತ್ರೆಯ ಬೆಚ್ಚನೆಯ ಗಾಜಿನ ಪೆಟ್ಟಿಗೆಯಲ್ಲಿ ಹತ್ತೊಂಬತ್ತು ದಿನ ಇದ್ದಳು. ಆ ಹತ್ತೊಂಬತ್ತು ದಿನವೂ ಸಾಹೇಬರು ಗಾಜಿನಾಚೆ ನಿಂತು ಹೆದರಿದ್ದರು. ಈಗ ಅಲ್ಲಿನ ನಾಲ್ಕು ಪೆಟ್ಟಿಗೆಗಳಲ್ಲಿ ಒಂದು ಕೆಟ್ಟಿದೆ, ಹೊಸದಕ್ಕಾಗಿ ಇಪ್ಪತ್ತೊಂದು ಕಿಲೋಮೀಟರಿನ ಓಟ ಏರ್ಪಾಡಾಗಿದೆ, ಓಡುವವರು ಪರಿಚಯದವರಿಂದ ದೇಣಿಗೆ ಕೂಡಿಸಿ ತರಬೇಕು ಎಂದು ಗೊತ್ತಾದದ್ದೇ ತಡ, ಹೆಸರು ಕೊಟ್ಟು, ಶುಲ್ಕ ಕಟ್ಟಿ, ಶೂ ಕೊಂಡು, ಆಮೇಲೆ ಹೆಂಡತಿಗೆ ತಿಳಿಸಿದರು. (ಕೊನೆಗೆ ತಿಳಿಸಿದ್ದೇ ಮೊದಲ ತಪ್ಪು.)

"ಎರಡನೇ ಮಹಡಿ ಹತ್ತೋವಾಗ ಮಧ್ಯೆ ನಿಂತು ನೋಟಿಸ್ ಬೋರ್ಡ್ ಓದೋ ನಾಟಕ ಆಡ್ತೀರಿ. ನೀವು ಇಪ್ಪತ್ತೊಂದು ಕಿಲೋಮೀಟರ್ ಓಡ್ತೀರಾ?"

"ಅಭ್ಯಾಸ ಮಾಡಿದ್ರೆ ಎಲ್ಲಾ ಬರುತ್ತೆ ಕಣೇ."

"ಮದುವೆಯಾಗಿ ಮೂವತ್ತು ವರ್ಷ ಆಯ್ತು, ಒದ್ದೆ ಟವೆಲ್ ಒಣಹಾಕೋದು ಬಂತಾ?"

ಸಾಹೇಬರ ಉದ್ಯೋಗ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು. ಹೀಗಿರುವಾಗ ಬೀದಿಯಲ್ಲಿ ಚಡ್ಡಿ ತೊಟ್ಟು ಏದುಸಿರು ಬಿಡುತ್ತ ಓಡಿದರೆ, ನಾಳೆ ಯಾವ ಮುಖ ಹೊತ್ತು ದಂಡ ಹಾಕುವುದು? ಆದ್ದರಿಂದ ತಾಲೀಮಿಗೆ ಕಟ್ಟಡದ ತಾರಸಿಯೇ ಕ್ಷೇಮವೆಂದು ತೀರ್ಮಾನಿಸಿದರು. ಕಚೇರಿಯ ಉಕ್ಕಿನ ಟೇಪು ಹಿಡಿದು ಮೂರು ಸಲ ಅಳೆದರು. ಒಂದು ಸುತ್ತಿಗೆ ನಲವತ್ತೆರಡು ಮೀಟರು. ಐನೂರು ಸುತ್ತಿಗೆ ಇಪ್ಪತ್ತೊಂದು ಕಿಲೋಮೀಟರು. ದಿನಕ್ಕೆ ನೂರು ಸುತ್ತಿನಿಂದ ಶುರು. ಹತ್ತು ಸುತ್ತಾದಾಗಲೆಲ್ಲ ಬಟ್ಟೆ ಒಣಹಾಕುವ ಒಂದು ತಂತಿಯಿಂದ ಇನ್ನೊಂದಕ್ಕೆ ಒಂದು ಕ್ಲಿಪ್ಪು ದಾಟಿಸುವುದು ಅವರದೇ ಘನ ಸಂಶೋಧನೆ.

ಮೂರನೆಯ ದಿನ ಎಂಟನೆಯ ಕ್ಲಿಪ್ಪಿನ ಹೊತ್ತಿಗೆ ಹೆಂಡತಿ ಒದ್ದೆ ಬಟ್ಟೆಯ ಬಕೆಟ್ಟಿನೊಂದಿಗೆ ಬಂದು, ಕೈಗೆ ಸಿಕ್ಕ ಕ್ಲಿಪ್ಪುಗಳನ್ನೆಲ್ಲ ಕಿತ್ತು ಬೆಡ್‌ಶೀಟಿಗೆ ಸಿಕ್ಕಿಸಿದರು.

"ಅಯ್ಯೋ, ಅದು ನನ್ನ ಎಂಟು!"

"ಇದು ನನ್ನ ಬೆಡ್‌ಶೀಟು. ಎಂಟು ಅಂತ ನೆನಪಿದೆಯಲ್ಲ, ಒಂಬತ್ತು ಅಂತ ಮುಂದುವರಿಸಿ."

"ನೆನಪು ಸಾಕ್ಷಿ ಅಲ್ಲ. ಅನುಮಾನದ ಅಳತೆಗೆ ನಾನು ಮುದ್ರೆ ಒತ್ತೋದಿಲ್ಲ" ಎಂದು ಸಾಹೇಬರು ಮತ್ತೆ ಒಂದರಿಂದ ಹೊರಟರು.

ಬಟ್ಟೆ ದಿನವೂ ಒದ್ದೆಯಾಗುತ್ತಿದ್ದುದರಿಂದ ಓಟವೂ ದಿನವೂ ಎರಡೆರಡು ಸಲ ನಡೆಯಿತು. ತಾರಸಿಯ ಕೆಳಗೇ ಮನೆಯಿದ್ದ ನಿವೃತ್ತ ಹೆಡ್‌ಮಿಸ್ ಬೆಳಗಿನ ಐದಕ್ಕೇ ಧಡ್ ಧಡ್ ಸದ್ದಿಗೆ ಎದ್ದು ಕೂರುತ್ತಿದ್ದರು. ಎಂಬತ್ತೆರಡು ಕಿಲೋ ತೂಕದ ಸದ್ದು ಹೆಡ್‌ಮಿಸ್ ಮನೆಯಲ್ಲಿ ನಿಲ್ಲದೆ ಮೆಟ್ಟಿಲಿಳಿದು ಹನ್ನೊಂದು ಮನೆಗಳನ್ನೂ ಎಬ್ಬಿಸುತ್ತಿತ್ತು.

ಇದಾವುದೂ ತಿಳಿಯದ ಸಾಹೇಬರು ದೇಣಿಗೆಯ ಹಾಳೆ ಹಿಡಿದು ಅದೇ ಹನ್ನೊಂದು ಬಾಗಿಲು ತಟ್ಟಿದರು. ಎಲ್ಲರೂ ಆಕಳಿಸುತ್ತ "ನೋಡೋಣ ಸಾಹೇಬ್ರೇ" ಎಂದರು. ಹಾಳೆ ಖಾಲಿಯಾಗಿಯೇ ಹಿಂದಿರುಗಿತು. ಅಂದು ಸಾಹೇಬರಿಗೆ ಊಟ ಸೇರಲಿಲ್ಲ. ಪೆಟ್ಟಿಗೆ ಬರದಿದ್ದರೆ ಯಾರ ಮನೆಯ ಕೂಸೋ ಏನೋ ಎಂಬ ಯೋಚನೆಯಲ್ಲಿ ತಟ್ಟೆ ಸರಿಸಿ ಖಾಲಿ ಹಾಳೆಯನ್ನೇ ತಿರುವಿ ನೋಡುತ್ತ ಕೂತರು.

"ಕೊಡಿ ಇಲ್ಲಿ" ಎಂದು ಹೆಂಡತಿ ಹಾಳೆ ಕಿತ್ತುಕೊಂಡು ಹೊರಟವರು ಮುಕ್ಕಾಲು ಗಂಟೆಯಲ್ಲಿ ಹನ್ನೊಂದು ಮನೆಯ ಸಹಿಯೊಂದಿಗೆ ವಾಪಸ್ಸಾದರು. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. ಪೊಟ್ಟಣದ ಮೇಲಿನ ಸಣ್ಣ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದುವ ಆ ಮನುಷ್ಯ ಅಂದು ಸಹಿ ಮಾತ್ರ ಎಣಿಸಿ ಮಲಗಿಬಿಟ್ಟರು.

ಮರುದಿನ ಉತ್ಸಾಹದಲ್ಲಿ ನಾಲ್ಕೂವರೆಗೇ ತಾರಸಿ ಹತ್ತಿ ಏಳನೆಯ ಸುತ್ತಿನಲ್ಲಿರುವಾಗ ಬಾಗಿಲು ದಡಾರನೆ ತೆರೆಯಿತು. ಮುಂದೆ ಹೆಡ್‌ಮಿಸ್, ಹಿಂದೆ ಇಡೀ ಕಟ್ಟಡ.

"ಸಾಹೇಬ್ರೇ, ಕರಾರು ಮುರಿದ್ರಿ!"

"ಯಾವ ಕರಾರು?"

ಹೆಡ್‌ಮಿಸ್ ಸಾಹೇಬರ ಹೆಂಡತಿಯ ಕೈಯಿಂದ ದೇಣಿಗೆಯ ಹಾಳೆ ಇಸಿದುಕೊಂಡು, ತರಗತಿಗೆ ಓದುವ ದನಿಯಲ್ಲಿ ತಲೆಬರಹ ಓದಿದರು: "ಇಂದಿನಿಂದ ಓಟದ ದಿನದ ಸಂಜೆಯವರೆಗೆ, ಇವರು ಈ ಕಟ್ಟಡದಲ್ಲಿ ಎಲ್ಲಿಯೂ ಓಡದೆ ಕಳೆದ ಪ್ರತಿ ದಿನಕ್ಕೂ ನಾವು ಪೆಟ್ಟಿಗೆಗಾಗಿ ಕೊಡುವ ಹಣ." ಅಕ್ಷರ ಹೆಂಡತಿಯದು.

"ತಿಂಡಿ ಹೊತ್ತಿಗೆ ಹೇಳೋಣ ಅಂತಿದ್ದೆ ರೀ. ನಾನು ಏಳೋ ಮುಂಚೆಯೇ ಬಂದುಬಿಟ್ಟಿದೀರಿ."

"ತಾಲೀಮಿಲ್ಲದೆ ನಾನು ಓಡೋದು ಹೇಗೆ?"

"ನೀವು ಓಡ್ಬೇಕಾ, ಪೆಟ್ಟಿಗೆ ಬರ್ಬೇಕಾ?"

ಸಾಹೇಬರಿಗೆ ಮೈಯೆಲ್ಲ ಉರಿಯಿತು. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಎರಡನ್ನೂ ಮನಸ್ಸಿನಲ್ಲೇ ತೂಗಿ ನೋಡಿದರು. ಆಮೇಲೆ ಶೂ ಬಿಚ್ಚಿ, ಬರಿಗಾಲಲ್ಲಿ ಮೆಟ್ಟಿಲಿಳಿದರು. ಹೆಡ್‌ಮಿಸ್ ದೊಡ್ಡ ಮನಸ್ಸು ಮಾಡಿ ಆ ಏಳು ಸುತ್ತನ್ನು ಮನ್ನಿಸಿದರು.

ಇಡೀ ತಿಂಗಳು ಸಾಹೇಬರು ಬಸ್ಸು ತಪ್ಪಿದರೂ ಓಡಲಿಲ್ಲ, ಹಾಲು ಉಕ್ಕಿದರೂ ಓಡಲಿಲ್ಲ. ಕಟ್ಟಡ ಗಡದ್ದಾಗಿ ನಿದ್ದೆ ಮಾಡಿತು. ಆ ನಿದ್ದೆಯಿಂದ ಮೈ ಹಗುರಾಗಿ, ಎಲ್ಲರೂ ಐದು ಕಿಲೋಮೀಟರಿನ ಚಿಕ್ಕ ಓಟಕ್ಕೆ ಹೆಸರು ಕೊಟ್ಟರು. ಓಟದ ಬೆಳಗ್ಗೆ ಹನ್ನೊಂದು ಮನೆಯವರೂ, ಹೆಡ್‌ಮಿಸ್ ಸಮೇತ, ಒಂದೇ ಬಣ್ಣದ ಟೀ ಶರ್ಟು ತೊಟ್ಟು ಹೊರಟರು. ತಾಲೀಮಿಲ್ಲದೆ ಮನೆಯಲ್ಲೇ ಉಳಿದ ಸಾಹೇಬರ ಕೈಗೆ ಮೊಮ್ಮಗಳನ್ನು ಒಪ್ಪಿಸಿ ಮಗಳೂ ಹೊರಟಳು. ಹೆಂಡತಿ ಸಾಹೇಬರ ಹೊಸ ಶೂವಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿಕೊಂಡು ಹೊರಟರು.

"ಮಗೂನ ನೋಡ್ಕೊಳ್ಳಿ. ಓಡ್ಬೇಡಿ!"

ಮೊಮ್ಮಗಳಿಗೆ ಕರಾರಿನ ಪರಿವೆಯಿಲ್ಲ. ಚಿಲಕ ಹಾಕದ ಬಾಗಿಲು ತಳ್ಳಿಕೊಂಡು ಕೇಕೆ ಹಾಕುತ್ತ ಮೆಟ್ಟಿಲ ಕಡೆಗೆ ಓಡಿದಳು. ಸಾಹೇಬರಿಗೆ ಯೋಚಿಸಲು ಹೊತ್ತೇ ಇರಲಿಲ್ಲ. ಮೆಟ್ಟಿಲಂಚಿಗೆ ಅಂಗೈಯಗಲ ಜಾಗ ಉಳಿದಿರುವಾಗ ಅವಳನ್ನು ಬಾಚಿ ಎತ್ತಿಕೊಂಡರು. ಹುಟ್ಟಿದಾಗ ಒಂದು ಕಿಲೋ ಇನ್ನೂರು ಗ್ರಾಂ ಇದ್ದವಳು ಈಗ ತೋಳಿಗೆ ಚೆನ್ನಾಗಿಯೇ ಭಾರವಾಗಿದ್ದಳು. ಅವರ ಕಣ್ಣಲ್ಲಿ ನೀರು ಬಂತು. ಕಟ್ಟಡದಲ್ಲಿ ಇನ್ನೊಂದು ನರಪಿಳ್ಳೆಯೂ ಇರಲಿಲ್ಲ.

ಮಧ್ಯಾಹ್ನ ಪದಕಗಳನ್ನು ಕುಲುಕಿಸುತ್ತ ಎಲ್ಲರೂ ಮರಳಿದಾಗ ಸಾಹೇಬರು ಬಾಗಿಲಲ್ಲೇ ನಿಂತಿದ್ದರು.

"ಏಳು ಹೆಜ್ಜೆ ಓಡಿದೆ" ಎಂದರು.

ಹೆಂಡತಿ ಹಣೆ ಚಚ್ಚಿಕೊಂಡರು. "ಯಾರು ನೋಡಿದ್ರು ಅಂತ ಹೇಳ್ತೀರಿ?"

"ನಾನಿದ್ನಲ್ಲ."

ಹೆಡ್‌ಮಿಸ್ ಕನ್ನಡಕ ಏರಿಸಿ, ಅತ್ಯಂತ ವಿಷಾದದಿಂದ, ಕರಾರು ಕರಾರೇ ಎಂದರು. ಹನ್ನೊಂದು ಮನೆಯ ಒಂದು ದಿನದ ದೇಣಿಗೆಯನ್ನು ಸಾಹೇಬರು ಸ್ವಂತ ಜೇಬಿನಿಂದ ತುಂಬಿಕೊಟ್ಟರು. ಪೆಟ್ಟಿಗೆ ಬಂತು. ಓಡಿದವರಿಗೆಲ್ಲ ಪದಕ ಸಿಕ್ಕಿತ್ತು. ಸಾಹೇಬರಿಗೆ ಮಾತ್ರ ರಶೀದಿ ಸಿಕ್ಕಿತು.