ನೀರಿನ ಟ್ಯೂಬಿನಲ್ಲಿ ಬೂದುಗುಂಬಳ

ಪ್ರಯೋಗಾಲಯದ ಉಪಕರಣ ಮಾಡುವವರ ಬದುಕು ಭಾರೀ ಗಂಭೀರವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹೈದರಾಬಾದಿನಲ್ಲಿ ಅದೇ ಕೆಲಸ ಮಾಡಿ ನಿವೃತ್ತನಾದವನು ನಾನು. ನಕ್ಕು ನಕ್ಕು ಬಂದ ಹೊಟ್ಟೆನೋವಿಗೆ ಪಿಂಚಣಿ ಇಲ್ಲವೆನ್ನುವುದೊಂದೇ ಬೇಸರ.

ತಿರುಗುವ ಬೋರ್ಡು

ಊರಿಗೆ ಊರೇ ಕಂಪ್ಯೂಟರ್ ಹುಚ್ಚಿಗೆ ಬಿದ್ದಿದ್ದ ಕಾಲ. ಹಿಮಾಯತ್‌ನಗರದ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ಕೂಡ ಸಾಫ್ಟ್‌ವೇರ್ ಕಲಿಸುವ ಶಾಲೆಯಾಗಿತ್ತು. ಉಳಿದದ್ದು ನಮ್ಮ ವರ್ಕ್‌ಶಾಪು ಒಂದೇ. ಬೀದರ ಕಡೆಯ ನಮ್ಮ ಮಾಲಕರು ಡಿಎನ್‌ಎ ನಕಲು ಮಾಡುವ ಮಷೀನು ಕಟ್ಟಲು ಹೊರಟಿದ್ದರು. ಕಣ್ಣಿಗೆ ಕಾಣದ ತುಣುಕೊಂದನ್ನು ಹಾಕಿದರೆ ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಕೋಟಿ ಪ್ರತಿ ಮಾಡಿಕೊಡುವಂಥದ್ದು. ಊರಾಚೆಯ ಸಂಶೋಧನಾಲಯವೊಂದು ಅದನ್ನು ಪರೀಕ್ಷಿಸಿ ಒಪ್ಪಿದರೆ ನಾವು ಉಳಿದೆವು. ಇಲ್ಲವಾದರೆ ನಮ್ಮ ಜಾಗವೂ ಮಾಲಕರ ಭಾಮೈದನ ಕಂಪ್ಯೂಟರ್ ಶಾಲೆ. ಆ ಪುಣ್ಯಾತ್ಮ ಆಗಲೇ ಮರದ ಬೋರ್ಡು ಬರೆಸಿ ತಂದು ನಮ್ಮ ಗೋಡೆಗೆ ಆನಿಸಿದ್ದ: "ಇಲ್ಲಿ ಕಲಿಯಿರಿ, ಅಮೆರಿಕಕ್ಕೆ ಹಾರಿರಿ." ಮಾಲಕರು ಬಂದು ಅದರ ಮುಖ ಗೋಡೆಗೆ ತಿರುಗಿಸುವುದು, ಭಾಮೈದ ಬಂದು ನಮ್ಮ ಕಡೆ ತಿರುಗಿಸುವುದು, ದಿನಾ ಇದೇ.

ರಾಯಚೂರು ಕಡೆಯ ನಮ್ಮ ಫಿಟ್ಟರ್ ಒಮ್ಮೆ ಕೇಳಿದ, "ಸಾಹೇಬ್ರ, ಈ ಮಷೀನು ಮಾಡೋದರ ಏನ್ರಿ?"

"ಕಾಯಿಸ್ತೈತಿ, ಆರಿಸ್ತೈತಿ, ಮತ್ತ ಕಾಯಿಸ್ತೈತಿ," ಎಂದೆ.

"ನನ್ನ ಹೇಣ್ತಿನೂ ಚಾಕ್ಕ ಅದನ್ನ ಮಾಡ್ತಾಳ್ರಿ, ನಾ ಮನಿ ಮುಟ್ಟೋತನಕ. ಕೋಟಿ ಹೋಗ್ಲಿ, ಎರಡನೇ ಕಪ್ಪೂ ಬಂದಿಲ್ಲ!"

ಸಣ್ಣದಾಗುವ ಕಾಲ

ಯಾವುದೋ ಸೆಮಿನಾರಿಗೆ ಹೋಗಿ ಬಂದ ಮಾಲಕರು ಸಾರಿದರು, "ಮುಂದಿನ ಕಾಲದಾಗ ಎಲ್ಲಾ ಸಣ್ಣದಾಕ್ಕೈತಂತ. ಇಡೀ ಲ್ಯಾಬು ಉಗುರಿನಷ್ಟು ಚಿಪ್ಪಿನ ಮ್ಯಾಲ ಕೂಡತೈತಂತ. ನಮ್ದೂ ಸಣ್ಣದು ಮಾಡ್ರಿ!"

ಮಾಡಿದೆವು. ಟಿಫಿನ್ ಡಬ್ಬಿಯಷ್ಟು. ಆದರೆ ನಮ್ಮೂರ ಕರೆಂಟು ಸೆಮಿನಾರಿಗೆ ಹೋಗಿರಲಿಲ್ಲವಲ್ಲ! ಅದು ಕುಣಿದಾಗ ಹಿಡಿಯಲು ಸ್ಟೆಬಿಲೈಜರು, ಹೋದಾಗ ನಡೆಸಲು ಬ್ಯಾಟರಿ. ಎರಡೂ ಸೇರಿ ಕಬ್ಬಿಣದ ಬೀರುವಿನಷ್ಟಾಯಿತು.

ಮಷೀನು ನೋಡಲು ಸಂಶೋಧನಾಲಯದ ಮುಖ್ಯಸ್ಥೆಯೇ ಬಂದರು. ಧಾರವಾಡದ ಹೆಣ್ಣುಮಗಳು. ಬೀರುವಿನ ಸುತ್ತ ಗೌರವದಿಂದ ಒಂದು ಪ್ರದಕ್ಷಿಣೆ ಹಾಕಿ, ಡಬ್ಬಿಯತ್ತ ಬೆರಳು ಮಾಡಿ ಕೇಳಿದರು, "ಇದು ಇದರ ರಿಮೋಟ ಏನ್ರಿ?"

ಖಂಡೇನವಮಿ

ಪರೀಕ್ಷೆಗೆ ಒಯ್ಯುವ ಮೊದಲೇ ಖಂಡೇನವಮಿ ಬಂತು. ಸುತ್ತಿಗೆ, ಸ್ಪ್ಯಾನರಿಗೆಲ್ಲ ಪೂಜೆಯಾಗುವಾಗ ನಮ್ಮನ್ನು ಉಳಿಸಬೇಕಾದ ಮಷೀನನ್ನು ಬಿಡಲಾದೀತೇ? ಬರಿದಾಗಿಟ್ಟು ಪೂಜಿಸಬಾರದೆಂದು ಮಾಲಕರು ಪರೀಕ್ಷೆಯ ಪುಟ್ಟ ಪ್ಲಾಸ್ಟಿಕ್ ಟ್ಯೂಬುಗಳನ್ನು ಮುಚ್ಚಳ ತೆರೆದು ಅದರಲ್ಲಿ ಕೂಡಿಸಿದರು. ಅವರ ಮನೆಯವರು ದೃಷ್ಟಿ ತೆಗೆದು, ಬೂದುಗುಂಬಳಕಾಯಿ ಎತ್ತಿ ಒಡೆದರು. ಎಂಥ ಭಕ್ತಿ ಅಂತೀರಿ, ನನ್ನ ಕನ್ನಡಕದ ಮೇಲೂ ಬೀಜ!

ಸಂಶೋಧನಾಲಯಕ್ಕೂ ಅವೇ ಟ್ಯೂಬು ಹೋದವು. ಕೆಲವಕ್ಕೆ ಭತ್ತದ ಡಿಎನ್‌ಎ ಹಾಕಿದರು, ಒಂದಕ್ಕೆ ಬರೀ ಶುದ್ಧ ನೀರು. ನೀರಿನದರಲ್ಲಿ ಏನೂ ಬರಬಾರದು, ಬಂದರೆ ನಾವು ಫೇಲು. ಕೆಲವು ದಿನ ಕಳೆದು ಮುಖ್ಯಸ್ಥೆ ಮೇಡಂ ನಮ್ಮನ್ನು ಕರೆಸಿದರು. ನಾವು ಹೊರಡುವಾಗ ಭಾಮೈದ ಸಿಳ್ಳೆ ಹಾಕುತ್ತ ಬೋರ್ಡಿನ ಧೂಳು ಒರೆಸುತ್ತಿದ್ದ.

"ನೀರಿನ ಟ್ಯೂಬಿನ್ಯಾಗ ಏನೋ ಬಂದೈತ್ರಿ," ಎಂದರು ಮೇಡಂ. "ಅದು ಯಾವುದರ ಡಿಎನ್‌ಎ ಅಂತ ಓದಿಸಿ ನೋಡಿದ್ವಿ. ಬೂದುಗುಂಬಳ!"

ಮಾಲಕರ ಮುಖಕ್ಕೂ ಅದೇ ಬೂದಿ ಬಣ್ಣ ಬಂತು. ಆದರೂ ಎದೆ ಸೆಟೆಸಿ ಅಂದರು, "ನಾವು ಒಡದದ್ದು ಖರೇರಿ ಮೇಡಂ. ಮಷೀನು ಸುಳ್ಳು ಹೇಳಿಲ್ಲ ನೋಡ್ರಿ!"

ಪೂಜೆಯ ವಿಷಯ ತಿಳಿದು ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ತಮ್ಮ ಹೊಸ ಟ್ಯೂಬುಗಳಲ್ಲಿ ಮತ್ತೆ ಮಾಡಿಸಿದರು. ಭತ್ತ ಭತ್ತವಾಗಿ ಬಂತು, ನೀರು ನೀರಾಗಿ ಉಳಿಯಿತು. ಆರ್ಡರ್ ಸಿಕ್ಕಿತು, ಒಂದು ಷರತ್ತಿನ ಮೇಲೆ: "ಇನ್ನ ಮ್ಯಾಲೆ ಮಷೀನಿಗೆ ಪೂಜಿ ಗೀಜಿ ಇಲ್ಲ!"

ಭಾಮೈದನ ಬೋರ್ಡನ್ನೇ ಕೊಯ್ದು ಮಷೀನಿಗೆ ಪೆಟ್ಟಿಗೆ ಮಾಡಿದೆವು. ಒಂದು ಬದಿಗೆ "ಅಮೆರಿಕಕ್ಕೆ ಹಾರಿರಿ" ಹಾಗೇ ಉಳಿದಿತ್ತು. ಸಂಶೋಧನಾಲಯದ ಗೇಟಿನವನು ಅದನ್ನು ಓದಿ ನಮ್ಮ ಟೆಂಪೋಗೆ ವಿಮಾನ ನಿಲ್ದಾಣದ ದಾರಿ ತೋರಿಸಿದ.

ವಿಜ್ಞಾನದ ಪ್ರಕಾರ

ಮರುವರ್ಷ ದಸರೆ ಮುಗಿದ ಮೇಲೆ ಅಲ್ಲಿಗೆ ಸರ್ವಿಸಿಗೆ ಹೋದೆ. ನೋಡಿದರೆ ಮಷೀನಿನ ಹಣೆಯ ಮೇಲೆ ರುಪಾಯಿಯಗಲ ಕುಂಕುಮ! ಪಕ್ಕದಲ್ಲಿ ನಿಂಬೆಹಣ್ಣು!

"ಮೇಡಂ, ಪೂಜಿ ಬ್ಯಾಡ ಅಂದವರು ನೀವ ಅಲ್ಲೇನ್ರಿ?"

ಮೇಡಂ ಬಾಗಿಲು ಮುಂದೆ ಮಾಡಿ ದನಿ ಇಳಿಸಿದರು. "ಉಳಿದ ಮಷೀನೆಲ್ಲಾ ಕೆಟ್ಟು ಕುಂತಿದ್ವು. ಹುಡುಗರ ಪಿಎಚ್‌ಡಿ ಮುಂದ ಹೋಗವಲ್ದು. ಇದೊಂದರ ನಡೀಲಿ ಅಂತ... ನೀವೇನ್ ಚಿಂತಿ ಮಾಡಬ್ಯಾಡ್ರಿ, ನಮ್ದು ಎಲ್ಲಾ ವಿಜ್ಞಾನದ ಪ್ರಕಾರ. ಕುಂಕುಮ ಆಟೊಕ್ಲೇವಿನ್ಯಾಗ ಇಟ್ಟು ತಗದ ಹಚ್ಚೀವಿ."

ಆಟೊಕ್ಲೇವ್ ಎಂದರೆ ಉಗಿಯಲ್ಲಿ ಕ್ರಿಮಿ ಕೊಲ್ಲುವ ದೊಡ್ಡ ಕುಕ್ಕರು. ನಿಂಬೆಹಣ್ಣು ಒತ್ತಿ ನೋಡಿದೆ. ಬೆಂದು ಉಪ್ಪಿನಕಾಯಿ ಹದಕ್ಕೆ ಬಂದಿತ್ತು.

"ಇದನ್ನೂ ಇಟ್ಟಿದ್ರೇನ್ರಿ?"

"ಇಟ್ಟಿದ್ವಿ. ಆಮ್ಯಾಲ ತೆಂಗಿನಕಾಯಿನೂ ಇಟ್ವಿ," ಎಂದು ಮೇಡಂ ಮೂಲೆಗೆ ಕೈ ತೋರಿದರು. ಅಲ್ಲಿ ಆಟೊಕ್ಲೇವಿನ ಬಾಗಿಲು ಒಂದು ಕಡೆ, ಆಟೊಕ್ಲೇವು ಒಂದು ಕಡೆ ಬಿದ್ದಿದ್ದವು. "ಅದು ಒಳಗೇ ಒಡೀತ್ರಿ. ಹೆಂಗೂ ಬಂದೀರಲ್ಲ, ಅದನ್ನೂ ಒಂಚೂರು ನೋಡಿ ಹೋಗ್ರಿ!"