ಕಂಪನಿ ಸೀಲು ಹೋಗಿ ಆಡು ಬಂತು

"ನಾಳೆ ಆ ಡಬ್ಬಿ ಹುಡುಕೇ ಬಿಡ್ತೀನಿ. ಇದು ಬಸವಂತನ ಮಾತು!"

ಗುರುವಾರ ಊಟಕ್ಕೆ ಕುಳಿತಾಗ ನಾನು ಹೀಗೆ ಘೋಷಿಸಿದರೆ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಂಡತಿ ಪ್ರತಿಮಾ ಹಂಚಿನ ಮೇಲಿನ ರೊಟ್ಟಿ ಮಗುಚುತ್ತ ಕೇಳಿದಳು, "ಹ್ವಾದ ವಾರ ಕಾರಿನ ಕೀಲಿ ಒಂದ್ ತಾಸು ಹುಡುಕಿದ್ರಲ್ರೀ, ಎಲ್ಲಿತ್ತು?"

"ನನ್ನ ಕೈಯಾಗ."

"ಹಾಂ. ಅಷ್ಟ ಕೇಳಿದೆ."

ಆಟದ ಹೆಸರು ಲೆಟರ್‌ಬಾಕ್ಸಿಂಗ್. ಯಾರೋ ಪುಣ್ಯಾತ್ಮರು ಬಯಲಲ್ಲಿ ಒಂದು ಡಬ್ಬಿ ಬಚ್ಚಿಟ್ಟು, ಅದರಲ್ಲಿ ಒಂದು ಸೀಲು, ಒಂದು ಪುಸ್ತಕ ಇಟ್ಟಿರುತ್ತಾರೆ. ಸುಳಿವು ಹಿಡಿದು ಹೋಗಿ ಹುಡುಕಬೇಕು. ಡಬ್ಬಿಯ ಸೀಲನ್ನು ನಮ್ಮ ಪುಸ್ತಕಕ್ಕೆ ಒತ್ತಿಕೊಂಡು, ನಮ್ಮ ಸೀಲನ್ನು ಅವರ ಪುಸ್ತಕಕ್ಕೆ ಒತ್ತಿ, ಎಲ್ಲ ಇದ್ದಲ್ಲೇ ಇಟ್ಟು ಬರಬೇಕು. ಐದನೇ ಕ್ಲಾಸಿನ ಮಗಳು ಇಂಟರ್‌ನೆಟ್ಟಿನಲ್ಲಿ ಇಲ್ಲಿಯ, ಅಂದರೆ ಓಮನ್ ದೇಶದ, ನಿಜ್ವಾ ಊರಿನ ಹತ್ತಿರದ ಒಂದು ಡಬ್ಬಿಯ ಸುಳಿವು ತೆಗೆದು, ರಬ್ಬರಿನಲ್ಲಿ ಒಂದು ಹೂ ಕೊರೆದು ಸೀಲನ್ನೂ ಮಾಡಿಕೊಂಡಿದ್ದಳು.

"ರಬ್ಬರ್ ಹೂವಿಗೆ ಯಾರು ಕಿಮ್ಮತ್ತು ಕೊಡ್ತಾರವಾ? ಸೀಲ್ ಅಂದ್ರ ಇದು!" ಎಂದು ಜೇಬಿನಿಂದ ತೆಗೆದು ತೋರಿಸಿದೆ.

ಅದು ನಮ್ಮ ಕಂಪನಿಯ ಸೀಲು. ಎ.ಸಿ. ಬಿಡಿಭಾಗ ಮಾರುವ ಆ ಕಂಪನಿಯ ಆಫೀಸಿನಲ್ಲಿ ಹದಿನೇಳು ವರ್ಷದಿಂದ ಕಾಗದಪತ್ರವೆಲ್ಲ ನನ್ನದೇ ಉಸ್ತುವಾರಿ. ಈ ದೇಶದಲ್ಲಿ ಬರೀ ಸಹಿಯನ್ನು ಯಾರೂ ಮೂಸಿ ನೋಡುವುದಿಲ್ಲ. ದುಂಡನೆಯ ನೀಲಿ ಸೀಲು ಬಿದ್ದರೆ ಸುಳ್ಳೂ ಸತ್ಯವಾಗುತ್ತದೆ! ಇಂಥ ಅಮೂಲ್ಯ ವಸ್ತುವನ್ನು ಡ್ರಾಯರಿಗೆ ನಂಬಿ ಬಿಡುವುದುಂಟೇ? ರಜೆಯ ದಿನವೂ ನನ್ನ ಜೇಬಿನಲ್ಲೇ ವಾಸ. ಕೊರಳಿನ ಲಿಂಗಕ್ಕಿಂತ ಸೀಲಿನ ಮೇಲೇ ನನಗೆ ಭಕ್ತಿ ಹೆಚ್ಚು ಎಂಬುದು ಪ್ರತಿಮಾಳ ದೂರು. ಮಂಗಳೂರಿನವರಾದ ನಮ್ಮ ಮ್ಯಾನೇಜರ್ ಬ್ರಾಯನ್ ಮಾತ್ರ ಒಂದೇ ಸಲ ನಗುನಗುತ್ತ ಹೇಳಿದ್ದರು: "ಸೀಲ್ ಆಫೀಸಿಂದ ಹೊರಗೆ ಹೋದ್ರೆ ನೀವೂ ಹೊರಗೆ ಮಾರಾಯ್ರೆ." ನಗುನಗುತ್ತ ಹೇಳಿದ್ದರಿಂದ ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾವಿರುವ ಅಲ್ ಹೈಲ್ ಬಿಟ್ಟು ಒಂದೂವರೆ ತಾಸಿನಲ್ಲಿ ಖರ್ಜೂರದ ತೋಟ ತಲುಪಿದೆವು. ತೋಟದ ನೀರುಕಾಲುವೆಗೆ ಇಲ್ಲಿ ಫಲಜ್ ಎನ್ನುತ್ತಾರೆ. ಅದು ಎರಡು ಕವಲಾಗುವಲ್ಲಿಂದ ನಲವತ್ತು ಹೆಜ್ಜೆ ಎಂದು ಸುಳಿವು. ಮಗಳು, "ಪಪ್ಪಾ, ಲೆಫ್ಟ್ ಆರ್ ರೈಟ್? ರೀಡ್ ದ ಕ್ಲೂ ಫಸ್ಟ್!" ಎಂದಳು. ಹದಿನೇಳು ವರ್ಷದ ಓಮನ್ ಅನುಭವಕ್ಕೆ ಸುಳಿವೇಕೆ? ಬಲಕ್ಕೆ ನಡೆದೆ. ಕಲ್ಲಿನ ಸಂದಿಯಲ್ಲಿ ತಗಡಿನ ಡಬ್ಬಿ! ಒಳಗೆ ಪುಸ್ತಕ! ಪುಟದ ತುಂಬ ಅರಬ್ಬಿಯಲ್ಲಿ ಹೆಸರುಗಳು, ಎದುರಿಗೆ ಹೊತ್ತು. ನನಗಿಂತ ಮೊದಲು ಎಷ್ಟು ಜನ ಬಂದಿದ್ದಾರಪ್ಪಾ ಎಂದು ಅಸೂಯೆಪಟ್ಟು ಎರಡು ಕಡೆ ಸೀಲು ಗುದ್ದಿದೆ.

ಅಷ್ಟರಲ್ಲಿ ತೋಟದ ಮುದುಕ ಮುಹಮ್ಮದ್ ಬಂದ. ಪುಟ ನೋಡಿದ. ಸೀಲು ನೋಡಿದ. ನನ್ನನ್ನೂ ನೋಡಿ ಹಿಂದಿಯಲ್ಲಿ ಕೇಳಿದ, "ನಿಮ್ಮ ಕಂಪನಿಗೂ ಫಲಜಿನಲ್ಲಿ ನೀರಿನ ಪಾಳಿ ಬೇಕೋ?"

ಅದು ಊರವರು ಸರದಿಯ ಮೇಲೆ ತೋಟಕ್ಕೆ ನೀರು ಬಿಟ್ಟುಕೊಳ್ಳುವ ಪಾಳಿಯ ಪುಸ್ತಕವಾಗಿತ್ತು! ಮಂಗಳವಾರ ನಸುಕಿನ ನೀರು ನಮ್ಮ ಎ.ಸಿ. ಕಂಪನಿಗೆ ಮಂಜೂರಾಗಿತ್ತು. ನಾನು ಕೈಮುಗಿದೆ. ಆತ ಬಿದ್ದು ಬಿದ್ದು ನಕ್ಕು, ಕಾವಾ ಎಂಬ ಅರಬ್ಬಿ ಕಾಫಿ ಕುಡಿಸಿ, ಖರ್ಜೂರ ತಿನ್ನಿಸಿ, ಎಡಗಡೆಯ ಬಿಳಿಗಲ್ಲಿನತ್ತ ಬೆರಳು ತೋರಿಸಿದ. "ನಿಮ್ಮಂಥವರು ಬಂದು ಅದರ ಕೆಳಗೆ ಕೈಹಾಕುತ್ತಾರೆ."

ಅಲ್ಲಿತ್ತು ಅಸಲಿ ಡಬ್ಬಿ. ಅದರ ಸೀಲಿನ ಹಿಡಿಯೂ ನನ್ನದರಂತೆಯೇ ಕರಿಯದು, ದುಂಡನೆಯದು, ಒಂದೇ ಅಂಗಡಿಯ ಮಾಲು. ಒತ್ತಿದರೆ ಗಡ್ಡ ಬಿಟ್ಟ ಆಡಿನ ಚಿತ್ರ! ಎರಡನ್ನೂ ಕಲ್ಲಿನ ಮೇಲಿಟ್ಟು ಮೆಚ್ಚಿಕೊಳ್ಳುತ್ತಿರುವಾಗ ಜೀವಂತ ಆಡೊಂದು ಬಂದು ಸುಳಿವಿನ ಹಾಳೆಗೆ ಬಾಯಿಹಾಕಿತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಪ್ರಿಂಟೌಟನ್ನೂ ಬಿಡುವುದಿಲ್ಲ! "ಯಲ್ಲಾ! ಯಲ್ಲಾ!" ಎಂದು ಮುಹಮ್ಮದ್ ಓಡಿಸಿದ, "ರೀ, ಲಗೂನ ಮುಚ್ರಿ ಡಬ್ಬಿ!" ಎಂದು ಪ್ರತಿಮಾ ಚೀರಿದಳು. ಒಂದು ಸೀಲು ಡಬ್ಬಿಗೆ, ಒಂದು ಜೇಬಿಗೆ. ದಿಗ್ವಿಜಯ ಮುಗಿಸಿ ಮನೆಗೆ ಬಂದೆವು.

ಭಾನುವಾರ ಆಫೀಸು. ಡ್ರೈವರ್ ಶಿಹಾಬ್‌ನ ಹೆಂಡತಿ ಮಕ್ಕಳ ವೀಸಾಕ್ಕೆ ಕಂಪನಿಯ ಪತ್ರ ಬೇಕಿತ್ತು. ಹದಿನೇಳು ವರ್ಷದ ಕೈ, ನೋಡಿ ಹೊಡೆಯುವ ಅಭ್ಯಾಸವಿಲ್ಲ. ಧಡ್ ಎಂದು ಹೊಡೆದು ಕೊಟ್ಟೆ. ಬಾಗಿಲವರೆಗೆ ಹೋದವನು ತಿರುಗಿ ಬಂದ.

"ಎಂತ ಸರ್ ಇದು? ಇದ್ರಲ್ಲಿ ಆಡು ಉಂಟಲ್ಲ!"

ನಾನು ಥಟ್ಟನೆ ಕೈ ಚಾಚಿದೆ. ಪತ್ರ ಕಸಿದುಕೊಳ್ಳುವ ಮೊದಲೇ ಹಿಂದಿನಿಂದ ಬ್ರಾಯನ್ ಅವರ ಕೈ ಬಂತು. ಅವರು ತುಂಬ ಹೊತ್ತು ನೋಡಿದರು.

"ಗಡ್ಡ ಸ್ವಲ್ಪ ಉದ್ದ ಆಯ್ತು ಅಲ್ವಾ?" ಎಂದಷ್ಟೇ ಹೇಳಿ ಪತ್ರ ಹಿಡಿದುಕೊಂಡು ಕ್ಯಾಬಿನ್ನಿಗೆ ಹೋದರು.

ಬಯ್ಗುಳ ತಿಂದಿದ್ದರೆ ವಾಸಿಯಿತ್ತು. ಹದಿನೇಳು ವರ್ಷದ ನೌಕರಿ ಬಿಳಿಗಲ್ಲಿನ ಕೆಳಗೆ ಮಲಗಿದೆ! ಸಂಜೆ ಹೊಟ್ಟೆ ಹಿಡಿದುಕೊಂಡು ಕ್ಯಾಬಿನ್ನಿಗೆ ಹೋದೆ.

"ಸರ್, ಹೊಟ್ಟಿನೋವು. ನಾಳೆ ಒಂದ್ ದಿನ ರಜಾ ಬೇಕಿತ್ರೀ."

"ಹೊಟ್ಟೆಯಾ? ಪಾಪ. ರೆಸ್ಟ್ ಮಾಡಿ. ದೂರ ಎಲ್ಲಾ ಡ್ರೈವ್ ಮಾಡ್ಬೇಡಿ, ಆಯ್ತಾ?"

ಎಂಥ ದೇವರಂಥ ಮನುಷ್ಯ ಎಂದುಕೊಂಡೆ.

ಸೋಮವಾರ ಮಗಳ ಸ್ಕೂಲ್ ಬಸ್ಸು ಹೊರಟ ಕೂಡಲೇ ನಾನು ಕಾರು ಹತ್ತಿದೆ. "ಹೊಟ್ಟಿನೋವು ಇದ್ದವರನ್ನ ಒಬ್ಬರನ್ನ ಕಳಸಬಾರದು," ಎಂದು ಪ್ರತಿಮಾಳೂ ಹತ್ತಿದಳು. ತೋಟದಲ್ಲಿ ಮುಹಮ್ಮದ್ ಕಾವಾ ಪಾತ್ರೆ ತೊಳೆಯುತ್ತಿದ್ದ. "ಬೆಳಗಿನ ಜಾವ ಡಬ್ಬಿ ಇಟ್ಟವರೇ ಬಂದಿದ್ದರು. ನೀರಿನ ಪಾಳಿಯ ಕಥೆ ಹೇಳಿದೆ, ಬಹಳ ನಕ್ಕರು," ಎಂದ.

ಓಡಿ ಹೋಗಿ ಕಲ್ಲು ಸರಿಸಿ ಡಬ್ಬಿ ತೆರೆದೆ. ಕಂಪನಿ ಸೀಲು ಇರಲಿಲ್ಲ. ಮಡಚಿದ ಒಂದು ಕಾಗದವಿತ್ತು. ಬಿಚ್ಚಿದರೆ ನಮ್ಮದೇ ಲೆಟರ್‌ಹೆಡ್! ಇಂಗ್ಲಿಷಿನಲ್ಲಿ ಬರೆದದ್ದರ ಕನ್ನಡ ಇಷ್ಟು:

"ಸಂಬಂಧಪಟ್ಟ ಎಲ್ಲರಿಗೂ. ಈ ಪತ್ರ ಕೈಯಲ್ಲಿ ಹಿಡಿದು ನಿಂತಿರುವ ಶ್ರೀ ಬಸವಂತ ಅವರಿಗೆ ಯಾವುದೇ ಹೊಟ್ಟೆನೋವು ಇರುವುದಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ. ಶಿಹಾಬ್‌ನ ಪತ್ರಕ್ಕೆ ಸರಿಯಾದ ಸೀಲು ಬೀಳಲಿದೆ. ನಾನು ಮೂರು ದಿನ ಕೂತು ಕೊರೆದ ಆಡನ್ನು ದಯವಿಟ್ಟು ಡಬ್ಬಿಯಲ್ಲಿ ಇಟ್ಟು, ಮಧ್ಯಾಹ್ನದೊಳಗೆ ಆಫೀಸಿಗೆ ಬರುವುದು. ಇನ್ನು ಮುಂದೆ ಸೀಲು ನನ್ನ ಬಳಿ ಇರುತ್ತದೆ. ಬ್ರಾಯನ್."

ಕೆಳಗೆ ದುಂಡನೆಯ ನೀಲಿ ಸೀಲು, ಒಂದಿಷ್ಟೂ ಸೊಟ್ಟಗಾಗದೆ ಬಿದ್ದಿತ್ತು.

ನಾನು ಜೇಬಿನಿಂದ ಆಡಿನ ಸೀಲು ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚಿ, ಕಲ್ಲಿನ ಮೇಲೆ ಕುಸಿದು ಕುಳಿತೆ. "ಪ್ರತಿಮಾ, ಈಗ ಖರೇನ ಹೊಟ್ಟಿ ನೋಯಾಕತ್ತೈತಿ."

ಪ್ರತಿಮಾ ಕಾಗದ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿ, ಮಡಚಿ ನನ್ನ ಖಾಲಿ ಜೇಬಿಗೆ ತುರುಕಿದಳು.

"ಇಲ್ಲ ಅಂತ ಸೀಲ್ ಬಿದ್ದೈತಲ್ರೀ. ಏಳ್ರಿ, ಆಫೀಸಿಗೆ ಹೊತ್ತಾತು."